ಒಂದು ದಿನದ ಪ್ರವಾಸಕ್ಕೆ ಕಾರಿಗಿಂತ ಗಡಿಯಾರ ಮುಖ್ಯ

ಮಾನ್ಯ ಸಂಪಾದಕರೇ,

ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ ಬಿದ್ದ ಕೂಡಲೇ ‘ಬೆಂಗಳೂರಿನ ಸುತ್ತ ನೋಡಲೇಬೇಕಾದ ಹತ್ತು ತಾಣ’ ಎಂಬ ಪಟ್ಟಿಗಳು ಎಲ್ಲೆಡೆ ಶುರುವಾಗುತ್ತವೆ. ಅದರಲ್ಲಿ ಬಣ್ಣದ ಚಿತ್ರ ಇರುತ್ತದೆ, ಎಷ್ಟು ಕಿಲೋಮೀಟರ್ ಎಂಬುದೂ ಇರುತ್ತದೆ. ಯಾವ ಬಸ್ಸು ಹತ್ತಬೇಕು, ಯಾವ ವಾರ ರಜೆ, ಕೊನೆಯ ಬಸ್ಸು ಎಷ್ಟು ಗಂಟೆಗೆ, ನಡು ಮಧ್ಯಾಹ್ನ ಅಲ್ಲಿ ಕೂರಲು ನೆರಳಿದೆಯೇ ಎಂಬ ಸಂಗತಿಗಳು ಮಾತ್ರ ಇರುವುದಿಲ್ಲ. ಸಾಮಾನ್ಯ ಸಂಬಳದ ಕುಟುಂಬಕ್ಕೆ ಬೇಕಾದದ್ದು ಈ ನಾಲ್ಕು ಮಾತು. ಮಳೆಗಾಲದಲ್ಲಿ ತೆಗೆದ ಮುತ್ಯಾಲಮಡು ಜಲಪಾತದ ಚಿತ್ರ ನಂಬಿ ಮೇ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಆನೇಕಲ್ ಕಡೆ ಹೋದವರಿಗೆ ಸಿಗುವುದು ಒಣಗಿದ ಬಂಡೆ. ಚುಂಚಿ ಜಲಪಾತವೂ ಹಾಗೇ, ಗಗನಚುಕ್ಕಿ, ಭರಚುಕ್ಕಿಗಳಲ್ಲೂ ಬೇಸಿಗೆಯಲ್ಲಿ ನೀರು ಸೊರಗಿರುತ್ತದೆ. ಜಲಪಾತಗಳನ್ನು ಜುಲೈ ನಂತರಕ್ಕೆ ಬಿಡಿ.

ಖರ್ಚಿನ ಮಾತಿಗೆ ಬಂದರೆ, ಪ್ರವೇಶ ಶುಲ್ಕದಿಂದ ಯಾರ ಜೇಬೂ ಖಾಲಿಯಾಗುವುದಿಲ್ಲ. ದುಡ್ಡು ಹೋಗುವುದು ಬಾಡಿಗೆ ಕಾರಿಗೆ, ಟೋಲಿಗೆ, ಹೆದ್ದಾರಿ ಬದಿಯ ಊಟಕ್ಕೆ. ಈ ಮೂರನ್ನೂ ಬಿಟ್ಟು ಹೋಗುವ ದಾರಿ ಬೆಂಗಳೂರಿನಿಂದ ನಾಲ್ಕೂ ದಿಕ್ಕಿಗೆ ಇದೆ.

ಮೊದಲು ಬಸ್ಸು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಶೂನ್ಯ. ಎ.ಸಿ. ಬಸ್ಸಿಗೆ, ರಾಜಹಂಸಕ್ಕೆ ಇದು ಅನ್ವಯಿಸದು. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು, ಅದನ್ನು ಇಳಿಯುವ ತನಕ ಇಟ್ಟುಕೊಳ್ಳಬೇಕು. ಯೋಜನೆ ರಾಜ್ಯದೊಳಗಿನ ಪ್ರಯಾಣಕ್ಕೆ ಸೀಮಿತವಾದ್ದರಿಂದ ಆಂಧ್ರದ ಲೇಪಾಕ್ಷಿಗೆ ಹೊರಡುವವರು ಟಿಕೆಟ್ ಹಣವನ್ನು ಲೆಕ್ಕದಲ್ಲಿ ಇಟ್ಟುಕೊಂಡೇ ಹೊರಡಲಿ.

ಬಿಎಂಟಿಸಿ ಸಾಮಾನ್ಯ ಬಸ್ಸಿನ ದಿನದ ಪಾಸು 2025ರ ಜನವರಿಯ ದರ ಏರಿಕೆಯ ನಂತರ 80 ರೂಪಾಯಿ. ಮೂರ್ನಾಲ್ಕು ಕಡೆ ಹತ್ತಿ ಇಳಿಯುವ ಗಂಡಸರಿಗೆ ಅದು ಲಾಭ. ಬನ್ನೇರುಘಟ್ಟಕ್ಕೆ ಹೋಗಿ ಸೀದಾ ಮನೆಗೆ ಬರುವುದಾದರೆ ಎರಡು ಬಿಡಿ ಟಿಕೆಟ್ಟೇ ಸಾಕು.

ರೈಲಿನಲ್ಲಿ ಜನ ತಪ್ಪುವುದು ಟಿಕೆಟ್ಟಿನ ಬಗೆಯಲ್ಲಿ. ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್ ರೈಲು), ಪ್ಯಾಸೆಂಜರ್ ರೈಲಿಗೆ ಕನಿಷ್ಠ ದರ 10 ರೂಪಾಯಿ, ಎಕ್ಸ್‌ಪ್ರೆಸ್ ರೈಲಿನ ಜನರಲ್ ಬೋಗಿಗೆ 30. ಹತ್ತಿರದ ಊರಿಗೆ ಹೋಗುವವರಿಗೆ ಇದು ದೊಡ್ಡ ವ್ಯತ್ಯಾಸ. ಆದರೆ ಪ್ಯಾಸೆಂಜರ್ ಟಿಕೆಟ್ ಹಿಡಿದು, ಮೊದಲು ಬಂತೆಂದು ಎಕ್ಸ್‌ಪ್ರೆಸ್ ಹತ್ತಿದರೆ ತಪಾಸಣೆಯಲ್ಲಿ ಕನಿಷ್ಠ 250 ರೂಪಾಯಿ ದಂಡ ಬೀಳಬಹುದು. ಅಲ್ಲಿಗೆ ಉಳಿಸಿದ್ದೆಲ್ಲ ಹೋಯಿತು. 199 ಕಿ.ಮೀ. ಒಳಗಿನ ಕಾಯ್ದಿರಿಸದ ಟಿಕೆಟ್ಟಿನಲ್ಲಿ ಮೂರು ಗಂಟೆಯ ಒಳಗೆ ಅಥವಾ ಆ ಕಡೆ ಹೊರಡುವ ಮೊದಲ ರೈಲಿನಲ್ಲಿ ಪ್ರಯಾಣ ಆರಂಭಿಸಬೇಕು. ಆದ್ದರಿಂದ ವಾಪಸಿನ ಟಿಕೆಟ್ಟನ್ನು ಬೆಳಿಗ್ಗೆಯೇ ತೆಗೆದಿಡುವುದು ಜಾಣತನವಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಹನ್ನೆರಡರ ಒಳಗಿದ್ದರೆ ಅರ್ಧ.

ಈ ರೈಲಿನ ಲೆಕ್ಕ ಸರಿಯಾಗಿ ಕೂಡಿಬರುವುದು ರಾಮನಗರ, ಚನ್ನಪಟ್ಟಣದ ದಾರಿಯಲ್ಲಿ. ನಾಲ್ವರು ಮೆಮುವಿನಲ್ಲಿ ಹೋಗಿಬರಲು 150 ರೂಪಾಯಿ ಮೀರದು. ಬಸ್ಸಿನಲ್ಲಿ ಹೊರಡುವವರಿಗೆ ಒಂದು ಎಚ್ಚರಿಕೆ. 2023ರಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಬಿಡದಿ, ರಾಮನಗರ, ಚನ್ನಪಟ್ಟಣ ಎಲ್ಲಕ್ಕೂ ಬೈಪಾಸ್ ಬಂದಿದೆ. ತಡೆರಹಿತ ಬಸ್ಸು ಈ ಊರುಗಳೊಳಗೆ ಬರುವುದಿಲ್ಲ. ‘ಮೈಸೂರು’ ಎಂಬ ಬೋರ್ಡು ನೋಡಿ ಹತ್ತಿದವರು ರಾಮನಗರ ಪಕ್ಕದಲ್ಲೇ ಹಾದುಹೋಗುವುದನ್ನು ಕಿಟಕಿಯಿಂದ ನೋಡುತ್ತಾ ಕೂರಬೇಕಾಗುತ್ತದೆ. ಊರೊಳಗೆ ಹೋಗುತ್ತದೆಯೇ ಎಂದು ಕಂಡಕ್ಟರನ್ನು ಕೇಳಿಯೇ ಕಾಲಿಡಿ. ಬೈಕು, ಸ್ಕೂಟರಿನವರಿಗೆ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅದೇನೂ ನಷ್ಟವಲ್ಲ, ನೋಡಬೇಕಾದದ್ದೆಲ್ಲ ಹಳೆಯ ರಸ್ತೆಯಲ್ಲೇ ಇದೆ.

ಕ್ರಮ ಹೀಗಿರಲಿ. ಬೆಳಿಗ್ಗೆ ರಾಮನಗರದಲ್ಲಿ ಇಳಿದು ಮೊದಲು ರೇಷ್ಮೆಗೂಡಿನ ಮಾರುಕಟ್ಟೆ. ರೈತರು ತಂದ ಗೂಡು ರಾಶಿ ರಾಶಿಯಾಗಿ ಹರಾಜಾಗುವುದು ಬೆಳಗಿನ ಹೊತ್ತು, ಮಧ್ಯಾಹ್ನ ಹೋದರೆ ಖಾಲಿ ತಟ್ಟೆ. ವ್ಯಾಪಾರಕ್ಕೆ ಅಡ್ಡ ಬಾರದಂತೆ ಬದಿಯಲ್ಲಿ ನಿಂತು ನೋಡಬೇಕು, ಗೂಡನ್ನು ಮುಟ್ಟಬೇಕೆಂದರೆ ಕೇಳಿ ಮುಟ್ಟಬೇಕು. ಬಿಸಿಲು ಏರುವ ಹೊತ್ತಿಗೆ ಅಲ್ಲಿಂದ ಹಳೆ ಹೆದ್ದಾರಿಯಲ್ಲಿ ನಾಲ್ಕಾರು ಕಿಲೋಮೀಟರ್ ಮುಂದಿರುವ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಊರೂರು ತಿರುಗಿ ಸಂಗ್ರಹಿಸಿದ ಮುಖವಾಡ, ತೊಗಲುಗೊಂಬೆ, ಯಕ್ಷಗಾನದ ವೇಷ, ಬೀಸುವ ಕಲ್ಲು, ಬಿತ್ತುವ ಕೂರಿಗೆ ಎಲ್ಲ ಅಲ್ಲಿವೆ. ಹದಿನೈದು ಎಕರೆಯ ಆವರಣದಲ್ಲಿ ಮರದ ನೆರಳುಂಟು, ಒಳಾಂಗಣವುಂಟು. ಹನ್ನೊಂದರಿಂದ ಎರಡರ ತನಕದ ಬಿಸಿಲು ಕಳೆಯಲು ಈ ದಾರಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಅಜ್ಜ ಅಜ್ಜಿಯನ್ನು ಕರೆದುಕೊಂಡು ಹೋದರೆ ಮಕ್ಕಳಿಗೆ ವಿವರಿಸಲು ಬೇರೆ ಗೈಡ್ ಬೇಕಾಗುವುದಿಲ್ಲ. ಮಂಗಳವಾರ ಅಲ್ಲಿಗೆ ವಾರದ ರಜೆ. ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೂ ಮಂಗಳವಾರವೇ ರಜೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇವೆ, ಅಲ್ಲಿನ ಮುಚ್ಚಿದ ಗೇಟಿನ ಮುಂದೆ ಪ್ರತಿ ಬೇಸಿಗೆಯಲ್ಲೂ ಮಕ್ಕಳು ಮುಖ ಸಣ್ಣಗೆ ಮಾಡಿಕೊಂಡು ನಿಂತಿರುತ್ತಾರೆ.

ಮೂರು ಗಂಟೆಗೆ ಚನ್ನಪಟ್ಟಣದ ಬೊಂಬೆ. ಅಂಗಡಿಗಿಂತ ಕೆಲಸ ನಡೆಯುವ ಮನೆ ನೋಡುವುದು ಮೇಲು, ಕಲಾನಗರದ ಕಡೆ ವಿಚಾರಿಸಿದರೆ ತೋರಿಸುವವರು ಸಿಗುತ್ತಾರೆ. ಒಣಗಿಸಿದ ಆಲೆ ಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾರೆ, ಉಳಿ ಹಿಡಿದು ಆಕಾರ ತೆಗೆಯುತ್ತಾರೆ. ಬಣ್ಣ ಹಚ್ಚಲು ಕುಂಚವಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ, ಮೇಲೆ ತಾಳೆಗರಿ ಒತ್ತಿದಾಗ ಅದು ಸಮವಾಗಿ ಹರಡಿ ಹೊಳಪು ಬರುತ್ತದೆ. ಒಂದು ಬುಗುರಿ ತಯಾರಾಗುವುದನ್ನು ಕಣ್ಣಾರೆ ಕಂಡ ಮಗು ಆಮೇಲೆ ಪ್ಲಾಸ್ಟಿಕ್ ಆಟಿಕೆ ಕೇಳುವುದು ಕಡಿಮೆಯಾಗುತ್ತದೆ. ಕೊಳ್ಳುವಾಗ ಮೂಗಿನ ಹತ್ತಿರ ಹಿಡಿದು ನೋಡಿ: ಅರಗಿನ ಬೊಂಬೆಗೆ ಪೇಂಟಿನ ಘಾಟು ಇರದು, ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಏಳದು. ವಾರದ ದಿನಗಳಲ್ಲಿ ಹೋದರೆ ಕೆಲಸ ನೋಡಲು ಸಿಗುವ ಸಂಭವ ಹೆಚ್ಚು. ಇಷ್ಟರ ಜೊತೆಗೆ ರಾಮದೇವರ ಬೆಟ್ಟವನ್ನೂ ತುರುಕಬೇಡಿ. ಅಲ್ಲಿ ಬಂಡೆಯ ಗೋಡೆಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ವನ್ಯಧಾಮ ಘೋಷಣೆಯಾಗಿದೆ. ಅದಕ್ಕೆ ಬೇರೆಯೇ ಒಂದು ಬೆಳಗು ಬೇಕು, ಗದ್ದಲವಿಲ್ಲದ ಬೆಳಗು.

ಇನ್ನು ಬೆಟ್ಟಗಳು. ಬೇಸಿಗೆಯಲ್ಲಿ ಬೆಟ್ಟ ಹತ್ತಬಾರದು ಎಂದು ನಾವು ಹೇಳುವುದಿಲ್ಲ. ಬೆಳಿಗ್ಗೆ ಏಳಕ್ಕೆ ಮೊದಲ ಮೆಟ್ಟಿಲ ಮೇಲೆ ಕಾಲಿಡಬೇಕು, ಹತ್ತೂವರೆಗೆ ಕೆಳಗಿರಬೇಕು. ಶಿವಗಂಗೆಯನ್ನೇ ನೋಡಿ. ತುಮಕೂರು ಬಸ್ಸಿನಲ್ಲಿ ದಾಬಸ್‌ಪೇಟೆಗೆ ಹೋಗಿ ಅಲ್ಲಿಂದ ಸ್ಥಳೀಯ ಬಸ್ಸು ಅಥವಾ ಆಟೊ. ಒಳಕಲ್ಲು ತೀರ್ಥದವರೆಗೆ ಮಕ್ಕಳೂ ಸುಲಭವಾಗಿ ಹತ್ತುತ್ತಾರೆ. ಮೇಲಿನ ಕಡಿದಾದ ಭಾಗದಲ್ಲಿ ಬಂಡೆಗೆ ಕೊರೆದ ಮೆಟ್ಟಿಲು, ಆಸರೆಗೆ ಕಬ್ಬಿಣದ ಕಂಬಿ. ಆ ಕಂಬಿ ಹನ್ನೊಂದು ಗಂಟೆಯ ಮೇಲೆ ಕಾದ ಹೆಂಚಿನಂತಾಗಿರುತ್ತದೆ. ಹತ್ತುವಾಗ ಹಿಡಿಯಲು ಆಗುತ್ತಿದ್ದ ಕಂಬಿಯನ್ನು ಇಳಿಯುವಾಗ ಹಿಡಿಯಲಾಗದೆ ಜನ ಕೂತುಕೊಂಡು ಜಾರುತ್ತಾ ಇಳಿಯುವುದು ಅಲ್ಲಿ ಸಾಮಾನ್ಯ ನೋಟ. ಹಳೆಯ ಕರವಸ್ತ್ರ ಎರಡು ಕೈಗೂ ಇರಲಿ. ಕೋತಿಗಳ ಕಾಟವೂ ಇದೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಅದರಲ್ಲಿ ತಿಂಡಿಯಿದೆ ಎಂದೇ ಅವುಗಳ ಲೆಕ್ಕ. ಎಲ್ಲವೂ ಬೆನ್ನಿನ ಚೀಲದೊಳಗೆ ಹೋಗಲಿ, ಬುತ್ತಿಯನ್ನು ಬೆಟ್ಟದ ಮೇಲೆ ಬಿಚ್ಚಬೇಡಿ.

ಬೆಟ್ಟದ ಮೇಲೆ ಕೋತಿಗಿಂತ, ಬಿಸಿಲಿಗಿಂತ ದೊಡ್ಡ ಅಪಾಯ ಸಿಡಿಲು. ಏಪ್ರಿಲ್, ಮೇ ತಿಂಗಳ ಮುಂಗಾರುಪೂರ್ವ ಮಳೆ ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಮೇಲೆ ಗುಡುಗು ಸಮೇತ ಬರುತ್ತದೆ. ಬೆಳಗಿನಿಂದ ಕಾದ ನೆಲದಿಂದ ಗಾಳಿ ಮೇಲೇರಿ ಮೋಡ ಕಟ್ಟಲು ಅಷ್ಟು ಹೊತ್ತು ಬೇಕು. ಮಿಂಚು ಕಂಡ ಮೇಲೆ ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಸುಮಾರು ಹತ್ತು ಕಿಲೋಮೀಟರ್ ಒಳಗಿದೆ ಎಂದರ್ಥ. ಫೋಟೊ ಬಿಟ್ಟು ಇಳಿಯಬೇಕು. ಒಂಟಿ ಮರದಡಿ, ನೆತ್ತಿಯ ಮಂಟಪದಲ್ಲಿ ನಿಲ್ಲಬಾರದು. ಸಾವನದುರ್ಗದಂಥ ಏಕಶಿಲೆಯ ಮೇಲೆ ಮಳೆಯೂ ಸೇರಿದರೆ ಬಂಡೆ ಸೋಪಿನಂತೆ ಜಾರುತ್ತದೆ. ಸಾವನದುರ್ಗ, ಸ್ಕಂದಗಿರಿ, ಮಾಕಳಿದುರ್ಗಗಳಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಚೆಯೇ ಕಾಯ್ದಿರಿಸಬೇಕು. ಕಾಳ್ಗಿಚ್ಚಿನ ಕಾಲವಾದ್ದರಿಂದ ಕೆಲವು ಚಾರಣ ದಾರಿಗಳನ್ನು ಮುಚ್ಚುವುದೂ ಉಂಟು, ನೋಡಿಕೊಂಡು ಹೊರಡಿ.

ನಂದಿಬೆಟ್ಟದ ಬಗ್ಗೆ ನಮ್ಮ ಅಭಿಪ್ರಾಯ ಹಲವರಿಗೆ ರುಚಿಸಲಿಕ್ಕಿಲ್ಲ. ಬೇಸಿಗೆಯ ಶನಿವಾರ, ಭಾನುವಾರ ಅಲ್ಲಿನ ಸೂರ್ಯೋದಯ ಬಿಟ್ಟುಬಿಡಿ. ಚಿತ್ರಗಳಲ್ಲಿ ಕಾಣುವ ಮೋಡದ ಸಮುದ್ರ ಮಳೆಗಾಲ, ಚಳಿಗಾಲದ ಮಾತು. ಈಗ ಸಿಗುವುದು ವಾಹನಗಳ ಸಾಲು. ಬೆಟ್ಟ 1,478 ಮೀಟರ್, ಬೆಂಗಳೂರು ಸುಮಾರು 920. ಆ ಎತ್ತರಕ್ಕೆ ಕಡಿಮೆಯಾಗುವ ತಾಪ ಮೂರ್ನಾಲ್ಕು ಡಿಗ್ರಿ ಅಷ್ಟೇ. ಬದಲಿಗೆ ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ ನೋಡಿ. ಒಂಬತ್ತನೇ ಶತಮಾನದ ಬುನಾದಿ, ಸುತ್ತ ಕಂಬಗಳ ತಂಪು ಪ್ರಾಕಾರ, ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಶೃಂಗಿತೀರ್ಥ. ಪ್ರವೇಶಕ್ಕೆ ಕಾಸಿಲ್ಲ. ಯಲಹಂಕ, ಚಿಕ್ಕಬಳ್ಳಾಪುರ ಮಾರ್ಗದ ನಂದಿ ಹಾಲ್ಟ್ ನಿಲ್ದಾಣದಿಂದ ನಡೆದೇ ಹೋಗಬಹುದು. ಆದರೆ ಈ ಮಾರ್ಗದ ರೈಲುಗಳು ಬೆರಳೆಣಿಕೆಯಷ್ಟು, ಎಲ್ಲವೂ ಪ್ರತಿ ನಿಲ್ದಾಣದಲ್ಲಿ ನಿಲ್ಲುತ್ತವೆಯೇ ಎಂದು ನೋಡಿಕೊಳ್ಳಿ. ವಾಪಸು ಚಿಕ್ಕಬಳ್ಳಾಪುರದಿಂದ ಬಸ್ಸು ಹಿಡಿಯುವುದೇ ಖಾತ್ರಿ. ಹತ್ತಿರದ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು 1860ರಲ್ಲಿ ಹುಟ್ಟಿದ ಮನೆಯಿದೆ, ಅವರ ಸಮಾಧಿಯೂ ಇದೆ. ಎರಡೂ ಸೇರಿ ಅರ್ಧ ದಿನ.

ಎಲ್ಲ ಕಲ್ಲು ಗುಡಿಗಳಿಗೂ ಸೇರುವ ಒಂದು ಮಾತು. ಚಪ್ಪಲಿ ಹೊರಗೆ ಬಿಟ್ಟ ಮೇಲೆ ಅಂಗಳದ ಹಾಸುಗಲ್ಲು ಹನ್ನೊಂದರಿಂದ ನಾಲ್ಕರ ತನಕ ಅಂಗಾಲು ಸುಡುತ್ತದೆ. ಕೋಲಾರದ ಸೋಮೇಶ್ವರ, ಕೋಲಾರಮ್ಮನ ಗುಡಿಗಳಲ್ಲೂ ಅಷ್ಟೇ. ದಪ್ಪನೆಯ ಹತ್ತಿ ಸಾಕ್ಸು ಚೀಲದಲ್ಲಿರಲಿ, ಮಕ್ಕಳಿಗಂತೂ ಕಡ್ಡಾಯ. ಹಲವು ಗುಡಿಗಳ ಬಾಗಿಲು ಮಧ್ಯಾಹ್ನ ಮುಚ್ಚಿರುತ್ತದೆ, ಹಾಗಾಗಿ ಬೆಳಿಗ್ಗೆ ಗುಡಿ, ಮಧ್ಯಾಹ್ನ ತೋಪು ಎಂದು ಇಟ್ಟುಕೊಂಡರೆ ಸರಿ. ಕೋಲಾರದ ಅಂತರಗಂಗೆಗೆ ಹೋಗುವವರು ಮೊದಲು ಬೆಟ್ಟದ ಮೆಟ್ಟಿಲು ಮುಗಿಸಿ, ಬಸವನ ಬಾಯಿಯಿಂದ ಬೀಳುವ ನೀರಿನ ಬಳಿ ದಣಿವಾರಿಸಿ, ಆಮೇಲೆ ಊರಿಗೆ ಇಳಿಯಲಿ. ಕೋಲಾರದ ಬಸ್ಸಿಗೆ ಹೆಚ್ಚು ಹೊತ್ತು ಕಾಯಬೇಕಿಲ್ಲ.

ನೀರಿನ ವಿಷಯದಲ್ಲಿ ನಾವು ಖಡಾಖಂಡಿತ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಬೆಂಗಳೂರಿಗರ ಅರ್ಧ ಪ್ರವಾಸ ಈ ಒಂದು ಹೊಳೆಯ ದಂಡೆಯಲ್ಲೇ ನಡೆಯುತ್ತದೆ, ಬೇಸಿಗೆ ರಜೆಯ ಸಾವುಗಳೂ ಅದೇ ದಂಡೆಯಲ್ಲಿ ಸಂಭವಿಸುತ್ತವೆ. ಮಂಚನಬೆಲೆಯ ಹಿನ್ನೀರು ಮೇಲೆ ಕನ್ನಡಿಯಂತೆ ಕಾಣುತ್ತದೆ, ತಳದಲ್ಲಿ ಕೆಸರು. ಇಳಿದ ಕಾಲು ಹೂತರೆ ಈಜು ಬಂದವರೂ ಎತ್ತಲಾರರು. ಸಂಗಮ, ಮೇಕೆದಾಟುವಿನಲ್ಲಿ ನೀರು ಮೊಣಕಾಲಷ್ಟೇ ಎನಿಸುವ ಕಡೆ ಪಕ್ಕದ ಹೆಜ್ಜೆಯಲ್ಲೇ ಬಂಡೆ ಕೊರೆದ ಮಡು ಇರುತ್ತದೆ, ಕೆಳಗೆ ಸುಳಿ. ಅಣೆಕಟ್ಟೆಗಳಿಂದ ನೀರು ಬಿಟ್ಟರೆ ಮಟ್ಟ ತಟ್ಟನೆ ಏರುತ್ತದೆ. ಕೈಬಿಟ್ಟ ಕಲ್ಲು ಕ್ವಾರಿಗಳಿಗೆ ಇಳಿಜಾರು ದಂಡೆಯೇ ಇಲ್ಲ, ಬಿದ್ದವರಿಗೆ ಹತ್ತಿಬರಲು ಹಿಡಿತ ಸಿಗದು. ಒಬ್ಬರನ್ನು ಉಳಿಸಲು ಇನ್ನೊಬ್ಬರು ಹಾರಿ ಇಬ್ಬರೂ ಹೋದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಎಷ್ಟೋ ಸಲ ಬಂದಿದೆ. ಹಾರಬೇಡಿ, ಸೀರೆ, ಪಂಚೆ, ಹಗ್ಗ, ಖಾಲಿ ಕ್ಯಾನು, ಏನಾದರೂ ಎಸೆಯಿರಿ. ಮಕ್ಕಳಿಗೆ ನೀರಾಟ ಬೇಕೆಂದರೆ ಈಜುಕೊಳಕ್ಕೆ ಕರೆದೊಯ್ಯಿರಿ. ಹೊಳೆ ಬೇಡ.

ಬುತ್ತಿ ಸರಿಯಾಗಿದ್ದರೆ ಪ್ರವಾಸ ಸರಿ. ಬಿಸಿ ಅನ್ನಕ್ಕೆ ಮೊಸರು ಕಲಸಿ ಡಬ್ಬಿ ಮುಚ್ಚಿದರೆ ಹತ್ತು ಗಂಟೆಗೇ ಹುಳಿಯ ವಾಸನೆ. ಒಂದು ಪಾವು ಅಕ್ಕಿಯ ಅನ್ನವನ್ನು ಮೆತ್ತಗೆ ಮಾಡಿ, ಪೂರ್ತಿ ಆರಿಸಿ, ಕಾಯಿಸಿ ಆರಿಸಿದ ಅರ್ಧ ಲೀಟರ್ ಹಾಲು ಹಾಕಿ ಕಲಸಿ. ಹೆಪ್ಪಿಗೆ ಎರಡೇ ಚಮಚ ಮೊಸರು. ಹೊರಡುವಾಗ ಹಾಲಿನ ಅನ್ನ, ಮಧ್ಯಾಹ್ನ ಉಣ್ಣುವಾಗ ಸಿಹಿ ಮೊಸರನ್ನ. ಸೌತೆಕಾಯಿ, ಈರುಳ್ಳಿಯನ್ನು ಅಲ್ಲೇ ಹೆಚ್ಚಿ ಹಾಕಿಕೊಳ್ಳಿ. ಚಿತ್ರಾನ್ನಕ್ಕೆ ಕಾಯಿತುರಿ ಬೇಡ, ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ ಬೇಡವೇ ಬೇಡ. ಪುಳಿಯೋಗರೆ, ಮೆಂತ್ಯದ ಚಪಾತಿ, ಉಪ್ಪಿನಕಾಯಿ ಕೆಡುವುದಿಲ್ಲ. ಯಾವುದನ್ನೇ ಆಗಲಿ ಬಿಸಿಯಿದ್ದಾಗ ಮುಚ್ಚಿದರೆ ಮುಚ್ಚಳ ಬೆವರಿ ಆ ನೀರೇ ಅನ್ನವನ್ನು ಹಳಸುತ್ತದೆ. ಕುಡಿಯುವ ನೀರು ತಲೆಗೆ ಎರಡು ಲೀಟರ್, ಬೆಟ್ಟ ಹತ್ತುವುದಾದರೆ ಮೂರು. ಬರೀ ನೀರು ಸಾಲದು, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಕೆಡುಕು, ಅಳತೆ ಮೀರಬಾರದು. ಬಿಸಿಲಲ್ಲಿ ಯಾರಾದರೂ ತೊದಲಲು ಶುರುಮಾಡಿದರೆ, ಗಲಿಬಿಲಿಗೊಂಡಂತೆ ಕಂಡರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಸುಸ್ತಲ್ಲ. ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಕರೆ ಮಾಡಿ.

ಊರು ಬಿಟ್ಟು ಹೋಗಲಾಗದವರಿಗೆ ಊರೊಳಗೇ ಒಂದು ದಿನವಿದೆ. ಲಾಲ್‌ಬಾಗ್‌ಗೆ ಬೆಳಿಗ್ಗೆ 9ರ ವರೆಗೆ ಪ್ರವೇಶ ಉಚಿತ. ಕೆಂಪೇಗೌಡ ಗೋಪುರವಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಅದನ್ನು ಮಕ್ಕಳಿಗೆ ಹೇಳಿ ಅದರ ಮೇಲೆ ಕೂರಿಸಿ. ಅಲ್ಲಿಂದ ಮೆಟ್ರೊದಲ್ಲಿ, ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಿ, ಕಬ್ಬನ್ ಪಾರ್ಕ್. ಬಿಸಿಲು ನೆತ್ತಿಗೇರುವ ಹೊತ್ತಿಗೆ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದೊಳಗಿದ್ದರೆ ಮೂರು ಗಂಟೆ ಹೋದದ್ದೇ ತಿಳಿಯದು. ತಾರಾಲಯದಲ್ಲಿ ಕನ್ನಡದ ಪ್ರದರ್ಶನವೂ ಇರುತ್ತದೆ, ಸಮಯ ನೋಡಿಕೊಂಡು ಹೋಗಿ. ಸೋಮವಾರ ಅಲ್ಲಿಗೆ ರಜೆ. ಬೇಗೂರಿನ ನಾಗೇಶ್ವರ ದೇವಾಲಯಕ್ಕೆ ಹೋಗುವವರು ತೀರಾ ಕಡಿಮೆ. ‘ಬೆಂಗಳೂರು’ ಎಂಬ ಹೆಸರಿರುವ, ಸಾವಿರ ವರ್ಷಕ್ಕೂ ಹಳೆಯ ವೀರಗಲ್ಲು ಶಾಸನ ಸಿಕ್ಕಿದ್ದು ಅಲ್ಲೇ. ನಗರದ ಸಾಮಾನ್ಯ ಬಸ್ಸಿನಲ್ಲಿ ತಲುಪಬಹುದಾದ ಈ ಜಾಗವನ್ನು ಇಲ್ಲಿ ಓದುವ ಪ್ರತಿ ಮಗುವೂ ಒಮ್ಮೆ ನೋಡಬೇಕು.

ರಾಮೋಹಳ್ಳಿ ಬಳಿಯ ದೊಡ್ಡ ಆಲದ ಮರವನ್ನೂ ಮರೆಯುವಂತಿಲ್ಲ. ಮೂರು ಎಕರೆ ನೆರಳು, ಮೂಲ ಕಾಂಡ ರೋಗ ಬಂದು ಸತ್ತು ಬಿಳಲುಗಳೇ ಮರವಾಗಿ ನಿಂತಿವೆ. ಬಿಳಲಿಗೆ ಜೋತು ಬೀಳುವುದು, ಕಾಂಡದ ಮೇಲೆ ಹೆಸರು ಕೆತ್ತುವುದು ಬೇಡ. ಗಾಯವಾದ ಜಾಗದಿಂದಲೇ ಮರಕ್ಕೆ ರೋಗ ಹೊಗುತ್ತದೆ.

ಕೊನೆಯದಾಗಿ ಎರಡು ಕೋರಿಕೆ. ಸಾರಿಗೆ ಸಂಸ್ಥೆಗಳು ಶಿವಗಂಗೆ, ನಂದಿ, ಸಾವನದುರ್ಗ, ಸಂಗಮದ ನಿಲ್ದಾಣಗಳಲ್ಲಿ ಬೆಂಗಳೂರಿಗೆ ಹೊರಡುವ ಕೊನೆಯ ಮೂರು ಬಸ್ಸುಗಳ ಸಮಯವನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಗೋಡೆಯ ಮೇಲೆ ಬರೆಸಲಿ. ಸಂಜೆ ಆರಕ್ಕೆ ಬಸ್ಸು ತಪ್ಪಿಸಿಕೊಂಡ ಕುಟುಂಬ ಆಟೊದವರು ಕೇಳಿದಷ್ಟು ತೆತ್ತು ಹೆದ್ದಾರಿ ಸೇರಬೇಕಾಗುತ್ತದೆ. ಇಡೀ ದಿನ ಉಳಿಸಿದ ಹಣ ಹೋಗುವುದು ಆ ಕೊನೆಯ ಏಳೆಂಟು ಕಿಲೋಮೀಟರಿಗೆ. ಅದೇ ನಿಲ್ದಾಣಗಳಲ್ಲಿ ಕುಡಿಯುವ ನೀರಿನ ನಲ್ಲಿ, ಬೀಗ ಹಾಕಿರದ ಹೆಂಗಸರ ಶೌಚಾಲಯ ರಜೆಯ ಎರಡು ತಿಂಗಳಾದರೂ ಇರಲಿ. ಉಚಿತ ಟಿಕೆಟ್ ಹಿಡಿದು ಹೊರಟ ತಾಯಂದಿರು ಶೌಚಾಲಯದ ಭಯಕ್ಕೆ ದಿನವಿಡೀ ನೀರು ಕುಡಿಯದೆ ಇರುವುದನ್ನು ಯಾವ ನಿಲ್ದಾಣದಲ್ಲಾದರೂ ಕಾಣಬಹುದು.

ಎರಡನೆಯದು ತಮ್ಮಲ್ಲಿ. ಮೇ ಕೊನೆಯವರೆಗೆ ಪ್ರತಿ ಶುಕ್ರವಾರ ಅಂಗೈಯಗಲದ ಒಂದು ಚೌಕಟ್ಟು ಕೊಡಿ: ಆ ವಾರ ಮುಚ್ಚಿರುವ ತಾಣಗಳು, ಬೆಳಗಿನ ಮೊದಲ ಮತ್ತು ಸಂಜೆಯ ಕೊನೆಯ ಬಸ್ಸು, ರೈಲಿನ ಸಮಯ, ಸಿಡಿಲಿನ ಮುನ್ಸೂಚನೆ, ಅಣೆಕಟ್ಟೆಗಳಿಂದ ನೀರು ಬಿಡುವ ಸೂಚನೆ. ಮೊದಲ ಚೌಕಟ್ಟು ಈ ಶುಕ್ರವಾರವೇ ಬಂದರೆ ಭಾನುವಾರ ಹೊರಡುವವರಿಗೆ ಸಿಕ್ಕೀತು.

ಇಂತಿ,
ದಿನ ಪ್ರವಾಸ ಹೋಗಿಬರುವ ಕೆಲವು ಓದುಗರು,
ಬೆಂಗಳೂರು